ಮೇಜರ್‌ನ ತಂದೆ ಯಾರು

ಮಾರ್ಚ್ ೮, ೧೯೪೮. ಸೋಮವಾರ

ಶಾಲೆಯಲ್ಲಿ ಪಾಠ ಮಾಡಿ ಬಂದು ಹನ್ನೊಂದು ಅರ್ಜಿ ದಾಖಲಿಸಿದೆ. ನಮ್ಮ ಓಝಾರ್ಕ್ ಗುಡ್ಡಗಳ ಫಾಕ್ಸ್‌ಟ್ರಾಟರ್ ಕುದುರೆಗಳಿಗೆ ಕೊನೆಗೂ ಸಂಘದ ಒಂದು ವಂಶಾವಳಿ ಪುಸ್ತಕ. ಮುಂಗಾಲಲ್ಲಿ ನಡಿಗೆ, ಹಿಂಗಾಲಲ್ಲಿ ಓಟ — ಸವಾರನ ಕೈಯ ಕಾಫಿ ತುಳುಕದು. ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನಗೆ.

ಹನ್ನೆರಡನೆಯ ಅರ್ಜಿ ಹೋಬರ್ಟ್ ಸ್ಪರ್ಲಾಕ್‌ನದು. ಗಂಡುಕುದುರೆ ಮೇಜರ್. ಹುಟ್ಟಿದ್ದು: ೧೯೩೨. ತಂದೆ: ‘ಕೆಂಟಕಿಯಿಂದ ಬಂದಿದ್ದ ಕುದುರೆ.’

ನಕ್ಕೆ. ಹದಿನೇಳು ವರ್ಷ ಕಾದದ್ದು ಈ ಒಂದು ಸಾಲಿಗೆ.

ಮಾರ್ಚ್ ೯

೧೯೩೧ರ ಮೇ. ಹಾಲು ಕರೆಯಲು ಹೋದರೆ ಬೇಲಿಯ ತಂತಿ ಯಾರೋ ಕತ್ತರಿಸಿದ್ದರು. ಅಪ್ಪನ ಗಂಡುಕುದುರೆ ಜಾಸ್ಪರ್ ಜೊತೆ ಹೋಬರ್ಟ್‌ನ ಹೆಣ್ಣುಕುದುರೆ. ಎರಡು ವಾರದಲ್ಲಿ ಅವನೇ ಊರೆಲ್ಲ ಸಾರಿದ — ಜಾಸ್ಪರ್‌ಗೆ ಅಂಟುರೋಗ! ಅಪ್ಪ ಪೇಟೆಗೆ ಹೋಗಿದ್ದಾಗ ಏಳು ಜನ ಬಂದೂಕು ಹಿಡಿದು ಬಂದರು. ಜಾಸ್ಪರ್‌ಗೆ ಗುಂಡು ಹೊಡೆದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಜಾಸ್ಪರ್‌ನ ತಳಿ ತನ್ನೊಬ್ಬನ ಲಾಯದಲ್ಲೇ ಉಳಿಯಲಿ ಅಂತ ಹೋಬರ್ಟ್ ಮಾಡಿದ್ದು. ನಾನು ಕಂಡದ್ದನ್ನು ಹೇಳಿದೆ. ಯಾರೂ ನಂಬಲಿಲ್ಲ.

ಅಪ್ಪ ಆ ಚಳಿಗಾಲ ದಾಟಲಿಲ್ಲ.

ಮಾರ್ಚ್ ೧೩. ಸಂಘದ ಸಭೆ

ನಿಯಮ ಮುಂದಿಟ್ಟೆ — ತಂದೆ ಯಾರೆಂದು ಸಾಬೀತಾಗದ ಕುದುರೆಗೆ ಪುಸ್ತಕದಲ್ಲಿ ಜಾಗವಿಲ್ಲ. “ಸರಿಯಾಗೇ ಇದೆ ಬಿಡಮ್ಮ” ಎಂದ ಅಧ್ಯಕ್ಷ ಕ್ಲೀಟಸ್. ಎಲ್ಲರೂ ಕೈಯೆತ್ತಿದರು. ಹೋಬರ್ಟ್ ಕೂಡ. ಕೆಂಟಕಿಯ ಮಾಲೀಕನ ಹೆಸರನ್ನೂ ಹೇಳಿದ, ಠೀವಿಯಿಂದ.

ಇವತ್ತೇ ಆ ಮಾಲೀಕನಿಗೆ ಕಾಗದ ಹಾಕಿದೆ.

ಏಪ್ರಿಲ್ ೬

ಉತ್ತರ ಬಂತು. ಆ ಕುದುರೆ ೧೯೨೯ರಲ್ಲೇ ಸತ್ತಿದೆ.

ಬಹಳ ದಿನದ ಮೇಲೆ ಎರಡು ಸಲ ಬೀನ್ಸ್ ಬಡಿಸಿಕೊಂಡೆ.

ಏಪ್ರಿಲ್ ೭

ಕ್ಲೀಟಸ್ ಓಡಿ ಬಂದ. “ಮೇಜರ್ ಹೊರಗೆ ಹೋದ್ರೆ ಅದರ ಮರಿಗಳೂ ಹೋಗ್ತವೆ. ನಂದೇ ನಾಲ್ಕಿವೆ ಕಣೆ! ಅವನೊಬ್ಬನ ಮೇಲಿನ ಸಿಟ್ಟಿಗೆ ಊರಿನ ಕುದುರೆಗಳನ್ನೆಲ್ಲ ಅನಾಥ ಮಾಡ್ತೀಯಾ?”

“ಮಾಡಿದ್ದು ನಾನಲ್ಲ. ಹೋಗಿ ಅವನ್ನ ಕೇಳಿ.”

ಏಪ್ರಿಲ್ ೧೫

ಹೋಬರ್ಟ್ ಬಂದ. ಹ್ಯಾಟು ಕೈಯಲ್ಲಿ.

“ಆಲ್ಟಾ, ತಾಯಿ... ಜಾಸ್ಪರ್ ಅಂತ ಬರ್ಕೊಂಡ್ಬಿಡು. ಇಲ್ಲೇ ಹೆಬ್ಬೆಟ್ಟು ಒತ್ತಿ ಹೋಗ್ತೀನಿ.”

“ಇಲ್ಲಲ್ಲ. ಶನಿವಾರ, ಸಭೇಲಿ, ಎಲ್ಲರೆದುರು. ರೋಗದ ಕತೇನೂ ಹೇಳ್ಬೇಕು.”

“ಮೊಮ್ಮಗಳೂ ಬರ್ತಾಳೆ ಅಲ್ಲಿಗೆ...”

“ಬರ್ಲಿ. ಮುಂದಿನ ಸಾಲಲ್ಲೇ ಕೂರಿಸ್ತೀನಿ.”

ಏಪ್ರಿಲ್ ೧೭. ಶನಿವಾರ

ಹೇಳಿದ. ತಂತಿ ಕತ್ತರಿಸಿದ್ದು. ಇಲ್ಲದ ರೋಗ ಹುಟ್ಟಿಸಿದ್ದು. ಮೊಮ್ಮಗಳು ಎದ್ದು ಹೋದಳು. ಕ್ಲೀಟಸ್ “ಸಾಕು” ಎಂದ. ನನಗೆ ಸಾಲಲಿಲ್ಲ.

“ಹೊಡೆದವ್ರು ಯಾರು?”

“ನಾನೇ.” ಹ್ಯಾಟನ್ನು ಮೇಜಿನ ಮೇಲಿಟ್ಟ. “ಅದು ಓಡ್ಲಿಲ್ಲ ತಾಯಿ. ಉಪ್ಪು ತಂದಿದೀನಿ ಅಂದ್ಕೊಂಡು ಹತ್ರ ಬಂತು. ಕೈ ನೆಕ್ತು.”

ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಜಾಸ್ಪರ್ ಎಂದು ಬರೆದೆ. ಮಾಲೀಕ: ಅಪ್ಪನ ಪೂರ್ತಿ ಹೆಸರು. ಸಾವು: ಹೋಬರ್ಟ್ ಸ್ಪರ್ಲಾಕ್‌ನ ಗುಂಡಿನಿಂದ. ಸಾವಿನ ಕಾಲಂ ಪುಸ್ತಕದಲ್ಲಿರಲಿಲ್ಲ. ನಾನೇ ಗೆರೆ ಎಳೆದೆ. ಈ ತಳಿ ಇರುವವರೆಗೂ ಜನ ಓದಲಿ.

ಏಪ್ರಿಲ್ ೧೮. ಬೆಳಿಗ್ಗೆ ಏಳು

ಅಂಗಳದಲ್ಲಿ ಹೋಬರ್ಟ್, ಮೇಜರ್‌ನನ್ನು ಹಿಡಿದುಕೊಂಡು. “ನಿಮ್ಮಪ್ಪಂದು, ತಗೋ” ಎಂದು ಕೂಗಿದ. ಬಾಗಿಲು ತೆಗೆಯಲಿಲ್ಲ. ಕ್ಷಮಿಸುವ ಮಾತೇ ಇಲ್ಲ. ಹಗ್ಗವನ್ನು ಬೇಲಿಗೆ ಕಟ್ಟಿ ನಡೆದೇ ಹೋದ.

ಮುದಿ ಕುದುರೆ. ಬಾಯಾರಿದೆಯೇನೋ. ಕಿಟಕಿಯ ಕಡೆಗೇ ನೋಡುತ್ತಿದೆ. ನೋಡಲಿ... ನೀರು ಮಾತ್ರ ಇಟ್ಟು ಬರುತ್ತೇನೆ, ಅಷ್ಟೇ, ಮುಟ್ಟುವುದಿಲ್ಲ, ಬರೀ —