ಒಂದನೆಯ ಡಿಸ್ಕ್

ಯಾಕುತ್‌ಪುರ, ಹೈದರಾಬಾದ್
ಶುಕ್ರವಾರ

ಮೈದುನ ಶುಜಾತ್‌ಗೆ ಭಾಬಿಯ ದುಆ.

ಡಿಸ್ಕುಗಳು ಸಾಲಾಗಿ ಕೂತಿರುವ ಮನೆಯ ಸರ್ವರ್ ಪೆಟ್ಟಿಗೆಯಿಂದ ಹಳೆಯ ಡಿಸ್ಕೊಂದನ್ನು ಇವತ್ತು ತೆಗೆದೆ. ನಿಮ್ಮಣ್ಣ ತೀರಿಕೊಳ್ಳುವ ಮುಂಚಿನ ವಾರ, "ಒಂದನೆಯದು ಕೆಡುತ್ತಿದೆ, ಬದಲಾಯಿಸಬೇಕು" ಎಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ನೀನು ಫೋನಿನಲ್ಲಿ, "ಎಡಗಡೆ ಮೊದಲ್ನೇದು ಎಳೀರಿ ಭಾಬಿ, ಅದೇನು ಬಾಂಬಾ?" ಎಂದೆ.

ಕೈ ಹಾಕಿದ ಮೇಲೆ ನೆನಪಾಯಿತು. ಬಲದಿಂದ ಎಡಕ್ಕೆ ಬರೆಯುವ ಉರ್ದುವನ್ನು ಮೂವತ್ತು ವರ್ಷ ಕಲಿಸಿದವರು ನಿಮ್ಮಣ್ಣ, ಕಪಾಟಿನ ಖಾನೆಗಳನ್ನೂ ಬಲಗಡೆಯಿಂದಲೇ ಎಣಿಸುತ್ತಿದ್ದರು. ಕೆಟ್ಟ ಡಿಸ್ಕಿನ ನಂಬರನ್ನು ಪರದೆಯಿಂದ ಬರೆದುಕೊಂಡು, ಪೆಟ್ಟಿಗೆ ಆಫ್ ಮಾಡಿ, ಬಲತುದಿಯದನ್ನು ಹೊರತೆಗೆದು ನೋಡಿದೆ. ಅದರ ಮೇಲೆ ಅದೇ ನಂಬರು. ಒಳ್ಳೆಯದನ್ನು ಎಳೆದು ಅದರ ಜಾಗದಲ್ಲಿ ಹೊಸದನ್ನು ಹಾಕಿದ್ದರೆ, ಕೆಡುತ್ತಿರುವುದನ್ನೇ ನಂಬಬೇಕಾಗಿ, ಅವರು ಧ್ವನಿಮುದ್ರಿಸಿಟ್ಟ ಪಾಠಗಳೆಲ್ಲ ಹೋಗುತ್ತಿದ್ದವು. ಈಗ ಹೊಸದು ಕೂತಿದೆ, ಒಳ್ಳೆಯದರಿಂದ ನಕಲಾಗುತ್ತ ನಿಧಾನಕ್ಕೆ ತುಂಬಿಕೊಳ್ಳುತ್ತಿದೆ.

ಅವರು ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಗೆ ಬಂದಾಗ ಆ ಪಾಠಗಳನ್ನು ಮೊದಲು ನೀನು ಕೇಳು. ನನಗೆ ಇನ್ನೂ ಕೇಳಲು ಆಗುತ್ತಿಲ್ಲ. ಮಕ್ಕಳ ಯಾವುದಾದರೂ ಮಾತಿಗೆ ಅವರು ನಕ್ಕಿದ್ದರೆ, ಅದು ಯಾವ ಪಾಠ, ಎಷ್ಟನೆಯ ನಿಮಿಷ ಎಂದು ಬರೆದಿಡು. ನಾನು ಅಲ್ಲಿಂದ ಶುರು ಮಾಡುತ್ತೇನೆ.

ನಿನ್ನ ಭಾಬಿ,
ರಾಬಿಯಾ