ಕೊನೆಯ ಪುಟ

3 ಆಗಸ್ಟ್ 1999
ಇವತ್ತು 2,140 ಸಾಲು. ಹೊರದೇಶದ ಪೆನ್ಷನ್ ಕಂಪನಿಯ ವೈಟೂಕೆ ಟೆಸ್ಟ್— ಇಸವಿ 2000 ಬಂದರೆ ಕಂಪ್ಯೂಟರ್ ಲೆಕ್ಕ ತಪ್ಪುತ್ತದೆಯೇ ಅಂತ ನೋಡುವುದು, ಸಾಲಿಗೊಬ್ಬ ಪಿಂಚಣಿದಾರ. ಪರದೆಯಲ್ಲಿ ನಿಲ್ಲುವುದು ಇಪ್ಪತ್ತನಾಲ್ಕೇ ಸಾಲು, ಉಳಿದದ್ದು ಸರ್ರನೆ ಮೇಲೆ ಓಡಿ ಮಾಯ. ಅದಕ್ಕೇ ‘ಮೋರ್’ ಕಮ್ಯಾಂಡ್ ಹಾಕಿ, ಸ್ಪೇಸ್ ಬಾರ್ ಒತ್ತಿ ಒತ್ತಿ, ಪುಟ ಪುಟ ಓದಿದೆ. ತೊಂಬತ್ತು ಪುಟ. ಹೆಬ್ಬೆರಳು ಸತ್ತಿದೆ.

ಪಕ್ಕದ ಸೀಟಿನ ಅಮೋಲ್ ಸಾಲುಗಳನ್ನು ಹಾಗೇ ಓಡಲು ಬಿಡುತ್ತಾನೆ. ಕೊನೆಯ ಪುಟದಲ್ಲಿ ‘ಟೆಸ್ಟ್ ಕಂಪ್ಲೀಟೆಡ್’ ಕಂಡರೆ ಸಹಿ, ಚಹಾ. ಅದು ಮುಗಿಯಿತು ಅಂತಷ್ಟೇ ಹೇಳುತ್ತದೆ, ಸರಿ ಇದೆ ಅಂತಲ್ಲ!

ನಮ್ಮ ಟೀಮ್ ಲೀಡ್ ವಾಸುದೇವ ಸರ್: “ಅಹಲ್ಯಾ, ಒಂದು ಫೈಲಿಗೆ ದಿನಪೂರ್ತಿ ಯಾಕ ಬೇಕ್ರಿ?” ಹೊರದೇಶಕ್ಕೆ ಹೋಗುವ ಆನ್‌ಸೈಟ್ ಸೀಟು ಒಂದೇ. ನಾನು ಅಥವಾ ಅಮೋಲ್.

5 ಆಗಸ್ಟ್
ಅಮೋಲ್ ಸಹಿ ಹಾಕಿದ ಫೈಲ್ ತೆರೆದು ನೋಡಿದೆ. ಮೂವತ್ತೊಂದನೇ ಪುಟ— ಪ್ರೋಗ್ರಾಂ 2000 ಅನ್ನು 1900 ಎಂದು ಓದಿದೆ. 1935ರಲ್ಲಿ ಹುಟ್ಟಿದವರ ವಯಸ್ಸು ಮೈನಸ್ 35, ಪೆನ್ಷನ್ ಬಂದ್. ಹನ್ನೊಂದು ಮಂದಿಗೆ. ಅವನನ್ನು ಕರೆದು ತೋರಿಸಿದೆ. ಮುಖ ಬಿಳಿಚಿತು.

“ಸರ್‌ಗೆ ಹೇಳಬ್ಯಾಡ್ರಿ. ನಾನೇ ಸರಿ ಮಾಡ್ತೀನಿ, ಪ್ಲೀಸ್.”

ಹೇಳಲಿಲ್ಲ. ದಡ್ಡಿ ನಾನು.

9 ಆಗಸ್ಟ್
ಮೀಟಿಂಗ್. ಅಮೋಲ್ ಎದ್ದು ನಿಂತು ಆ ತಪ್ಪನ್ನು ತಾನೇ ಹಿಡಿದೆ ಅಂತ ವಿವರಿಸಿದ. ಪುಟದ ನಂಬರ್ ಸಮೇತ! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಕೈಗೆ ಬರೆ ಹಾಕಬೇಕು.

2 ಸೆಪ್ಟೆಂಬರ್
ಆನ್‌ಸೈಟ್ ಲಿಸ್ಟ್ ಬಂತು. ಅಮೋಲ್.

ಸರ್: “ನಿಮ್ಮ ಕೆಲಸ ಭಾಳ ಚಲೋ ಐತ್ರಿ. ಸ್ಪೀಡ್ ಇಲ್ಲ ನೋಡ್ರಿ.”

ಮನೆಯಲ್ಲಿ ಅವ್ವ: “ಹೋಗ್ಲಿ ಬಿಡವಾ, ಹೆಣ್ಮಗಳು ಅಷ್ಟು ದೂರ ಹೋಗಿ ಏನು ಮಾಡೋದೈತಿ?” ತಟ್ಟೆ ಸರಿಸಿ ಎದ್ದೆ.

17 ಸೆಪ್ಟೆಂಬರ್, ಸಂಜೆ 5
ಬೇಗಂಪೇಟೆ ಏರ್‌ಪೋರ್ಟಿನಿಂದ ನಾಳೆ ಅಮೋಲ್‌ನ ವಿಮಾನ. ಎಲ್ಲರಿಗೂ ಪೇಡಾ ಹಂಚಿದ. ಅವನ ಕೊನೆಯ ಫೈಲ್ ಪರಿಶೀಲನೆಗೆ ನನಗೆ ಬಂತು. “ಕಂಪನಿಗೆ ಕಳಿಸಬೇಕು, ಕೊರಿಯರ್‌ನವ ನಿಂತಾನ. ಒಮ್ಮೆ ನೋಡಿ ಸಹಿ ಮಾಡ್ರಿ,” ಅಂದರು ಸರ್.

ಮೋರ್ ಹಾಕಿದೆ. ಹನ್ನೆರಡನೇ ಪುಟ. ಮೈನಸ್ 35. ಮೈನಸ್ 41. ಏಳು ಸಾಲು. ಮತ್ತೆ ಅದೇ ತಪ್ಪು.

ಹೇಳಬಹುದಿತ್ತು. ಹೇಳಿದ್ದರೆ ನಾಳೆ ಇನ್ನೊಂದು ಮೀಟಿಂಗ್, ಇನ್ನೊಂದು ಚಪ್ಪಾಳೆ, ಯಾರಿಗೋ. ಮೋರ್ ನಿಲ್ಲಿಸುವ ‘ಕ್ಯೂ’ ಕೀ ಒತ್ತಿ ಹೊರಬಂದೆ. ಉಳಿದ ಪುಟ ನೋಡಲೇ ಇಲ್ಲ. ಕಾಗದದ ಮೇಲೆ ‘ಪೂರ್ತಿ ಪರಿಶೀಲಿಸಲಾಗಿದೆ’, ಕೆಳಗೆ ನನ್ನ ಸಹಿ.

ಸರ್ ಗಡಿಯಾರ ನೋಡಿ ನಕ್ಕರು. “ಹತ್ತೇ ನಿಮಿಷ! ಈಗ ಕಲ್ತ್ರಿ ನೋಡ್ರಿ, ಅಹಲ್ಯಾ.”

ಕೊರಿಯರ್‌ನವನು ಮೆಟ್ಟಿಲು ಇಳಿದದ್ದು ಕೇಳಿಸಿತು. ಕೂಗಿದ್ದರೆ ನಿಲ್ಲುತ್ತಿದ್ದ. ಆ ಏಳು ಮಂದಿಯ ಪೆನ್ಷನ್—