ಕೂರದೆ ಬಂದದ್ದು ಏಕೆಂದರೆ

ಧರ್ಮಪುರ
18 ಜನವರಿ 2025

ಚಿ. ಸೌ. ಚೌಡೇಶ್ವರಿಗೆ, ನಿನ್ನ ಅವ್ವ ನಿಂಗಕ್ಕ ಮಾಡುವ ಆಶೀರ್ವಾದಗಳು.

ನಾನು ಹೇಗೋ ಇದ್ದೇನೆ. ನೀನು, ಅಳಿಯಂದಿರು, ಹಿರಿ ಕೂಸು, ಕಿರಿ ಕೂಸು ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಕಿರಿ ಕೂಸಿನ ತೊಟ್ಟಿಲ ಶಾಸ್ತ್ರ ಮುಗಿಸಿ ಬಂದ ಕೂಡಲೇ ಬರೆಯಬೇಕಿತ್ತು, ಕೈ ಏಳಲಿಲ್ಲ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುತ್ತೀರಿ, ಇದು ಬೀಗರ ಕಿವಿಗೆ ಬೀಳುವ ಮಾತಲ್ಲ. ಏಳನೇ ಕ್ಲಾಸಿನ ಅಕ್ಷರ, ಸುಧಾರಿಸಿಕೊಂಡು ಓದು.

ಅವತ್ತು ನಾನು ನಿಮ್ಮ ಮನೆಯಲ್ಲಿ ಕೂರಲಿಲ್ಲ. ನಿಮ್ಮತ್ತೆ ಮರುಳಸಿದ್ದಮ್ಮನವರು ಚಾಪೆ ಹಾಸಿ, "ಯಾಕ್ರೀ ಬೀಗ್ರೆ, ನಿಂತೇ ಇದೀರಲ್ಲ, ಕುಂತ್ಕಳ್ರಿ. ಮಗೀನ ಮಡ್ಲಿಗೆ ಹಾಕ್ಕಳ್ರಿ" ಎಂದು ಎಷ್ಟು ಹೇಳಿದರು! "ಬಸ್ಸಿಗೆ ಹೊತ್ತಾಗ್ತೈತೆ" ಎಂದು ಬಾಗಿಲ ಬಳಿ ನಿಂತೇ ಕೂಸಿನ ಹಣೆ ಮುಟ್ಟಿ ಹೊರಟುಬಿಟ್ಟೆ. ಬಸ್ಸು ಸುಳ್ಳು ಕಣವ್ವ. ನನಗೆ ಮೂಲವ್ಯಾಧಿ. ಹಿರಿಯೂರಿನಿಂದ ಹೊಸದುರ್ಗದವರೆಗೆ ಕೂತು ಬಂದದ್ದಕ್ಕೇ ರಕ್ತ ಇಳಿದಿತ್ತು. ಬೀಗರ ಚಾಪೆಯ ಮೇಲೆ ಕಲೆಯಾದರೆ ನೀನು ಮುಖ ಎತ್ತಿಕೊಂಡು ಹೇಗೆ ಓಡಾಡುತ್ತೀಯ ಎಂದು ಹೆದರಿದೆ.

ನಮ್ಮ ಶೇಂಗಾ ಬೀಜ ಆರಿಸುವ ಶೆಡ್ಡು ನಿನಗೆ ಗೊತ್ತಲ್ಲ, ದಿನವೆಲ್ಲ ಕುಕ್ಕರಗಾಲಿನ ಕೆಲಸ. ಕಕ್ಕಸಿಲ್ಲ, ಅದಕ್ಕೇ ನಾವು ಯಾರೂ ನೀರು ಕುಡಿಯುವುದಿಲ್ಲ, ಬಂದರೂ ತಡೆದುಕೊಳ್ಳುತ್ತೇವೆ. ಮನೆಗೆ ಬಂದ ಮೇಲೆ ಮುದ್ದೆ ತಿರುವುವ ಕಸುವಿಲ್ಲ, ಸೊಪ್ಪು ಸೋಸುವ ಮನಸ್ಸಿಲ್ಲ, ಅನ್ನ ಉಪ್ಪಿನಕಾಯಿಯಲ್ಲೇ ದಿನ ದೂಡಿದೆ. ನಿಮ್ಮಲ್ಲಿಂದ ಬಂದ ಮೇಲೆ ಸಂತೆಯಲ್ಲಿ ಒಬ್ಬ ಪುಡಿ ಕೊಟ್ಟ. ಹಚ್ಚಿಕೊಂಡ ಮೇಲೆ ಪ್ರಾಣ ಹೋಗುವಂಥ ಉರಿ. ಆ ಉರಿಯಲ್ಲಿ ಗೋಡೆ ಹಿಡಿದು ನಿಂತಿದ್ದಾಗಲೇ ಪಕ್ಕದ ಮನೆ ಬೋರಕ್ಕ ಬಂದಳು.

"ಲೇ ನಿಂಗಿ, ನಂಗೂ ಐತೆ, ಶೆಡ್ಡಿನಾಗೆ ಅರ್ಧ ಹೆಂಗಸ್ರಿಗೆ ಐತೆ. ಯಾರೂ ಬಾಯಿ ಬಿಡಲ್ಲ ಅಷ್ಟೇ. ನಡಿ, ಹೋಗಾಣ" ಎಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಉಷಾರಾಣಿ ಡಾಕ್ಟರು ಪರೀಕ್ಷೆ ಮಾಡುವಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. "ಮುಖ ಯಾಕಮ್ಮ ಮುಚ್ಕಂತೀರಿ, ಕಾಯಿಲೆ ಅಲ್ಲಿಲ್ಲ" ಎಂದರು. ನಗಲಿಕ್ಕೂ ನೋವು! ಆಪರೇಷನ್ ಬೇಡವಂತೆ. ಮುಲಾಮು, ಹೊಟ್ಟೆಗೆ ಸೊಪ್ಪು, ಹಣ್ಣು, ಮುದ್ದೆ, ಬೇಕಾದಷ್ಟು ನೀರು. ತಿಣುಕಬಾರದು, ತಡೆಯಬಾರದು, ಕೆಲಸದ ನಡುವೆ ಎದ್ದು ಓಡಾಡಬೇಕು. ದಿನಾ ಬೆಚ್ಚನೆ ನೀರಿನ ಟಬ್ಬಿನಲ್ಲಿ ಕೂರಬೇಕು. ಕೂಸಿನ ಸ್ನಾನಕ್ಕೆಂದು ಕೊಂಡು, ಹೊರಲಾರದೆ ಇಲ್ಲೇ ಮನೆಯಲ್ಲಿ ಬಿಟ್ಟುಬಂದಿದ್ದ ನೀಲಿ ಟಬ್ಬು ಒಂದಿತ್ತು, ಅದರಲ್ಲಿ ನಿನ್ನ ಅವ್ವ ಕೂರುತ್ತಿದ್ದಾಳೆ. ಕೂಸಿಗೆ ಬೇರೆ ತರುತ್ತೇನೆ.

ನೀನೂ ಹುಷಾರು. ಬಾಣಂತಿಗೆ ನೀರು ಕೊಟ್ಟರೆ ಶೀತ ಎಂದು ಯಾರಾದರೂ ಅಂದರೆ ಹೂಂ ಎಂದುಬಿಟ್ಟು ಕುಡಿ. ನೀನು ಹುಟ್ಟಿದಾಗಿನ ಬಾಣಂತನದಲ್ಲಿ ನನಗೆ ತುಟಿ ಒದ್ದೆಯಾಗುವಷ್ಟೇ ನೀರು ಕೊಟ್ಟರು, ಈ ರೋಗ ಶುರುವಾದದ್ದು ಆಗಲೇ. ರಕ್ತ ಕಂಡರೆ ನನ್ನ ಹಾಗೆ ಬಚ್ಚಿಡಬೇಡ, ಡಾಕ್ಟರಿಗೆ ತೋರಿಸು. ನನಗಂತೂ ಮುಚ್ಚಿಟ್ಟೂ ಮುಚ್ಚಿಟ್ಟೂ ಸಾಕಾಗಿದೆ.

ಮಕ್ಕಳಿಬ್ಬರಿಗೂ ಮುತ್ತು. ನೀನು ತಣ್ಣಗಿರು ತಾಯಿ.

ನಿನ್ನ ಅವ್ವ,
ನಿಂಗಕ್ಕ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿನಗೆ ಈ ಕಿರಿ ಕೂಸು ಹೇಗೋ ಹಾಗೆ ನೀನೂ ನನಗೆ ಎರಡನೆಯ ಹೆಣ್ಣು. ನಿನ್ನ ತೊಟ್ಟಿಲ ಶಾಸ್ತ್ರದ ದಿನ ನಿಮ್ಮಪ್ಪನ ತಾಯಿ "ಇದೂ ಹೆಣ್ಣಾ" ಎಂದು, ಹಾಸಿದ ಚಾಪೆಯ ಮೇಲೆ ಕೂರದೆ, ನಿನ್ನನ್ನು ಮಡಿಲಿಗೆ ಹಾಕಿಕೊಳ್ಳದೆ, ಬಾಗಿಲಿಂದಲೇ ಹೋದಳು. ಆ ಕತೆಯನ್ನು ಹೇಳಿ ಹೇಳಿ ನಿನ್ನನ್ನು ಬೆಳೆಸಿದವಳು ನಾನೇ. ಅವತ್ತು ಬಾಗಿಲಲ್ಲಿ ನಿಂತ ನನ್ನನ್ನು ನೀನು ನೋಡಿದೆಯಲ್ಲ, ನಿನಗೆ ಯಾರು ಕಂಡರು ಎಂದು ನನಗೆ ಗೊತ್ತಾಯಿತು. ನಾನು ಅವಳಲ್ಲ ಚೌಡಿ. ಒಂದು ಸಲ ಚಾಪೆ ಹಾಸು. ಈಗ ಕೂರುತ್ತೇನೆ.